ಬೀರುವಿನಲ್ಲಿ ಬಂದಿಯಾದ ತುಪ್ಪದ ಮಿಳ್ಳೆ

ದಾವಣಗೆರೆಯ ಹಳೆಯ ಓಣಿಯೊಂದರಲ್ಲಿ ಸೋಮವಾರ ಬೆಳಿಗ್ಗೆ ತುಪ್ಪದ ಮಿಳ್ಳೆಯೊಂದನ್ನು ವಶಕ್ಕೆ ತೆಗೆದುಕೊಂಡು, ನಡುಮನೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಅದರ ಜೊತೆಗಿದ್ದ ತುಪ್ಪದ ಡಬ್ಬಿ, ಶೇಂಗಾ ಎಣ್ಣೆಯ ಕ್ಯಾನು ಮತ್ತು ಹಿಂದಿನ ದಿನವಷ್ಟೇ ಕಡೆದು ತೆಗೆದ ಬೆಣ್ಣೆಯ ಬಟ್ಟಲನ್ನೂ ಒಳಗೆ ಹಾಕಲಾಯಿತು. ಸಾಸಿವೆ ಡಬ್ಬಿಯ ಮೇಲೂ ಸಂಶಯವಿತ್ತು, ವಿಚಾರಿಸಿ ಬಿಡಲಾಯಿತು. ಘಟನೆಯಲ್ಲಿ ಯಾರಿಗೂ ಗಾಯಗಳಾಗಿಲ್ಲ.

ಬೀಗ ಹಾಕಿದವರು ಮನೆಯ ಯಜಮಾನರಾದ ಮುರಿಗೆಪ್ಪನವರು. ಕೀಲಿಕೈಯನ್ನು ಅವರು ತಮ್ಮ ಉಡಿದಾರಕ್ಕೆ ಗಂಟು ಹಾಕಿಕೊಂಡರು. ಗಂಟು ಎಷ್ಟು ಬಿಗಿಯಾಗಿತ್ತೆಂದರೆ, ಮುಂದೆ ಬೀರು ತೆರೆಯಬೇಕಾದರೆ ಅವರು ಹೊಟ್ಟೆಯನ್ನು ಬೀರುವಿಗೆ ಒತ್ತಿಕೊಂಡೇ ನಿಲ್ಲಬೇಕಾಗಿತ್ತು. ಅದೂ ಒಳ್ಳೆಯದೇ ಆಯಿತು ಎಂದು ಅವರಿಗೆ ಅನಿಸಿತು. ಬೇರೆ ಯಾರೂ ತೆರೆಯುವ ಹಾಗಿಲ್ಲ.

ಮುರಿಗೆಪ್ಪನವರು ಸಾಮಾನ್ಯ ಮನುಷ್ಯರಲ್ಲ. ಮಾರುಕಟ್ಟೆ ಯಾರ್ಡಿನಲ್ಲಿ ಆಯುಷ್ಯದುದ್ದಕ್ಕೂ ತೂಕದ ಕೆಲಸ ಮಾಡಿ ನಿವೃತ್ತರಾದವರು. ಮೆಕ್ಕೆಜೋಳ ಇರಲಿ, ಶೇಂಗಾ ಇರಲಿ, ಅವರ ತಕ್ಕಡಿಯ ಮುಳ್ಳು ನಡುವೆ ನಿಂತರೆ ನಿಂತಿತು. ದೊಡ್ಡ ರೈತನಿಗೂ ಸಣ್ಣ ರೈತನಿಗೂ ಒಂದೇ ಕಲ್ಲು, ಒಂದೇ ತೂಕ. ಹಮಾಲರು ತಮ್ಮೊಳಗೆ ಜಗಳ ಬಂದರೆ, "ನಡಿ, ಮುರಿಗೆಪ್ಪಣ್ಣನ ಹತ್ರ ಹೋಗಣ" ಅನ್ನುತ್ತಿದ್ದರು. ನಿವೃತ್ತಿಯ ದಿನ ಯಾರ್ಡಿನವರು ಅವರಿಗೆ ಶಾಲು ಹೊದಿಸಿದರು. ಅವರು ಶಾಲಿನ ಜೊತೆಗೆ ತಮ್ಮ ಹಳೆಯ ತೂಕದ ಕಲ್ಲುಗಳನ್ನೂ ಕೇಳಿ ಪಡೆದು ಮನೆಗೆ ತಂದರು. ಶಾಲು ಎಲ್ಲಿದೆಯೋ ಗೊತ್ತಿಲ್ಲ. ಕಲ್ಲುಗಳು ದೇವರ ಮನೆಯ ಪಕ್ಕದ ಗೂಡಿನಲ್ಲಿವೆ.

ಮನೆಯಲ್ಲೂ ಅದೇ ನ್ಯಾಯ. ಆ ಮಿಳ್ಳೆ ಅವರ ತಾಯಿಯದು. ಹಿತ್ತಾಳೆಯದು, ಉದ್ದ ಹಿಡಿಯದು, ತುದಿಯ ಬಟ್ಟಲು ಒಂದು ಗೋಲಿ ಹಿಡಿಯುವಷ್ಟು. ಮುರಿಗೆಪ್ಪನವರು ಚಿಕ್ಕವರಿದ್ದಾಗ ಮನೆ ತುಂಬ ಜನ, ಡಬ್ಬಿಯ ತಳದಲ್ಲಿ ತುಪ್ಪ. ತಾಯಿ ಸಾಲಾಗಿ ಕೂತ ತಟ್ಟೆಗಳಿಗೆಲ್ಲ ಒಂದೊಂದೇ ಮಿಳ್ಳೆ ಬಡಿಸುತ್ತಾ ಹೋಗುತ್ತಿದ್ದರು. ಮೀಸೆ ತಿರುವುವ ದೊಡ್ಡಪ್ಪನಿಗೂ ಒಂದು, ಮೂಗು ಸೋರುವ ಮುರಿಗೆಪ್ಪನಿಗೂ ಒಂದು. ದೊಡ್ಡಪ್ಪನ ತಟ್ಟೆಯಲ್ಲಿರುವಷ್ಟೇ ತನ್ನ ತಟ್ಟೆಯಲ್ಲೂ ಇದೆ ಎಂದು ಕಂಡ ಆ ಹುಡುಗನಿಗೆ ಆದ ಖುಷಿ ಇನ್ನೂ ಇಳಿದಿಲ್ಲ. ಆದ್ದರಿಂದ ಅವರ ಮನೆಯಲ್ಲಿ ಇಂದಿಗೂ ಯಾರಿಗೂ ಬೇರೆ ಅಡುಗೆ ಇಲ್ಲ, ಬೇರೆ ಬಡಿಸುವುದೂ ಇಲ್ಲ. ಒಂದು ಮನೆ, ಒಂದು ಅಳತೆ.

ಇಂಥ ಮನೆಯಲ್ಲಿ ಮಿಳ್ಳೆ ಬೀರು ಸೇರಿದ್ದೇಕೆ ಎಂದರೆ, ಅದಕ್ಕೆ ಒಂದು ರಕ್ತಪರೀಕ್ಷೆ ಕಾರಣ.

ಹಿಂದಿನ ಶನಿವಾರ ಮುರಿಗೆಪ್ಪನವರು ಡಾಕ್ಟರ್ ಹೇಮಲತಾ ಅವರ ಬಳಿ ಹೋಗಿದ್ದರು. ಡಾಕ್ಟರು ರಿಪೋರ್ಟು ನೋಡಿ, "ಕೊಲೆಸ್ಟ್ರಾಲ್ ಜಾಸ್ತಿ ಇದೆ ಯಜಮಾನ್ರೇ. ನೀವು ತುಪ್ಪ ಬೆಣ್ಣೆ ಕಡಿಮೆ ಮಾಡಿ. ಕರಿದದ್ದು ಬಿಡಿ. ದಿನಾ ಸ್ವಲ್ಪ ನಡೀರಿ" ಅಂದರು. ಮುರಿಗೆಪ್ಪನವರು ಗಮನವಿಟ್ಟು ಕೇಳಿಸಿಕೊಂಡರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ "ಕಡಿಮೆ ಮಾಡಿ" ಎನ್ನುವುದು "ಬಿಡಿ" ಎಂದಾಗಿತ್ತು. ಆಟೋ ಹತ್ತುವಾಗ "ನೀವು" ಎನ್ನುವುದು "ನೀವೆಲ್ಲರೂ" ಎಂದಾಗಿತ್ತು. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಉಳಿದದ್ದು ಒಂದೇ ಮಾತು.

"ಜಿಡ್ಡು ವಿಷ," ಎಂದು ಅವರು ಹೊಸಿಲ ಮೇಲೆ ನಿಂತು ಸಾರಿದರು. "ಸೋಮವಾರದಿಂದ ಈ ಮನ್ಯಾಗೆ ಜಿಡ್ಡಿಲ್ಲ."

ಅವರ ಹೆಂಡತಿ ಸರ್ವಮಂಗಳಮ್ಮ ಅವರೆಕಾಳು ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಯಾರಿಗೆ ಬಂದಿರೋದ್ರೀ ಅದು?"

"ನನಗೆ."

"ಮತ್ತೆ ನಮಗ್ಯಾಕೆ ಪಥ್ಯ?"

"ನಾನೊಬ್ಬ ಬಿಟ್ಟು ನೀವೆಲ್ಲ ತಿನ್ನೋದು ಯಾವ ನ್ಯಾಯ? ಒಂದು ಮನೆ, ಒಂದು ಅಳತೆ."

"ನಾಳೆ ನಿಮಗೆ ಸಕ್ಕರೆ ಕಾಯಿಲೆ ಬಂದ್ರೆ ಓಣಿಗೆಲ್ಲ ಸೂಜಿ ಚುಚ್ಚಿಸ್ತೀರೇನು?"

ಮುರಿಗೆಪ್ಪನವರು ಬೀರುವಿನ ಕೀಲಿಕೈ ಹುಡುಕಲು ಒಳಗೆ ಹೋದರು. ಅಸಂಬದ್ಧ ಪ್ರಶ್ನೆಗಳಿಗೆ ಉತ್ತರ ಕೊಡುವುದು ಅವರ ಅಭ್ಯಾಸವಲ್ಲ.

ಸೋಮವಾರದ ಅಡುಗೆಯಲ್ಲಿ ಸೊಸೆ ವನಜಾಕ್ಷಿ ಸಾರಿಗೆ ನೀರಿನಲ್ಲಿ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯಲಿಲ್ಲ, ಮುಳುಗಿತು. ಕರಿಬೇವು ತೇಲಿತು. ಚಿತ್ರಾನ್ನಕ್ಕೆ ಅರಿಶಿನದ ನೀರು ಕಲಸಿದ್ದಾಯಿತು. ಅನ್ನಕ್ಕೆ ಬಣ್ಣ ಬಂತು, ಬೇರೇನೂ ಬರಲಿಲ್ಲ. ಚಪಾತಿ ಸಂಜೆಯ ಹೊತ್ತಿಗೆ ಹಪ್ಪಳವಾಯಿತು. ಮಗ ಶಿವಯೋಗಿ ಅದನ್ನು ಮುರಿದಾಗ ಬಂದ ಸದ್ದಿಗೆ ಹೊರಗೆ ಮಲಗಿದ್ದ ನಾಯಿ ಎದ್ದು ನಿಂತಿತು.

ಶಿವಯೋಗಿ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ದಿನವೆಲ್ಲ ಕಂಬ ಹತ್ತಿ ಇಳಿಯುವ ಕೆಲಸ. ಅವನು ಉಂಡು ಎದ್ದ. ಸರ್ವಮಂಗಳಮ್ಮನೂ ಉಂಡರು. ವನಜಾಕ್ಷಿಯೂ ಉಂಡಳು. ಉಣ್ಣದಿದ್ದವಳು ಒಬ್ಬಳೇ: ಇಂಚರ.

ಇಂಚರ ಮುರಿಗೆಪ್ಪನವರ ಮೊಮ್ಮಗಳು. ಒಂದೂವರೆ ವರ್ಷದವಳು. ಬಿಸಿ ಅನ್ನ, ಬೇಳೆ, ಮೇಲೊಂದು ಮಿಳ್ಳೆ ತುಪ್ಪ, ಇಷ್ಟನ್ನು ಅಮ್ಮ ನುಣ್ಣಗೆ ಕಲಸಿದರೆ ಬಟ್ಟಲು ಖಾಲಿ ಮಾಡಿ, ಬಟ್ಟಲನ್ನು ತಲೆಗೆ ಟೋಪಿಯಂತೆ ಹಾಕಿಕೊಳ್ಳುವವಳು. ಸೋಮವಾರ ಅವಳು ಒಂದು ತುತ್ತನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅದನ್ನು ಮರ್ಯಾದೆಯಿಂದ ಅಜ್ಜನ ತೊಡೆಯ ಮೇಲೆ ಉಗಿದಳು. ಉಗಿದು, ಬೀರುವಿನ ಕಡೆ ಬೆರಳು ತೋರಿಸಿ, "ಪುಪ್ಪ" ಎಂದಳು.

ತುಪ್ಪಕ್ಕೆ ಅವಳ ಭಾಷೆಯಲ್ಲಿ ಅದೇ ಹೆಸರು.

"ಮಾವಾರೆ," ವನಜಾಕ್ಷಿ ಮೆಲ್ಲಗೆ ಅಂದಳು, "ಪಾಪುಗೆ ಒಂದು ಚೂರು..."

"ಇಲ್ಲವ್ವ. ಇವತ್ತು ಅವಳಿಗೆ ಒಂದು ಚೂರು ಅಂದ್ರೆ, ನಾಳೆ ಅವರಪ್ಪಗೆ ಒಂದು ಚೂರು, ನಾಡಿದ್ದು ನಿಮ್ಮತ್ತೆಗೆ ಒಂದು ಚೂರು. ತಕ್ಕಡಿ ವಾಲೋದೇ ಹಿಂಗೆ."

"ಅವಳು ಸರಿಯಾಗಿ ಉಂಡೇ ಇಲ್ಲ ಮಾವಾರೆ."

"ಹಸಿವಾದ್ರೆ ತಾನೇ ಉಣ್ತಾಳೆ. ಹಟ ಅಷ್ಟೇ. ನಿನ್ನ ಗಂಡನೂ ಹಿಂಗೇ ಇದ್ದ."

ಇಂಚರ ಹಸಿವಾದಾಗ ತಾನೇ ಉಂಡಳು. ನಾಲ್ಕು ತುತ್ತು ಉಂಡು ಮುಖ ತಿರುಗಿಸಿದಳು. ದಿನಾ ಇದೇ ಆಯಿತು. ಅವಳ ಹೊಟ್ಟೆ ಒಂದು ಹಿಡಿ ಇತ್ತು. ಆ ಹಿಡಿ ಬರೀ ಅನ್ನ ಬೇಳೆಯಿಂದ ಬೇಗ ತುಂಬುತ್ತಿತ್ತು, ಬೇಗ ಬರಿದಾಗುತ್ತಿತ್ತು. ನಡುರಾತ್ರಿ ಎದ್ದು ಹಾಲಿಗೆ ಅಳುವುದು ಹೆಚ್ಚಾಯಿತು. ವನಜಾಕ್ಷಿಯ ಕಣ್ಣಿನ ಕೆಳಗೆ ಕಪ್ಪಾಯಿತು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತಾರೆ. ಆ ದಿನ ಹತ್ತಿರ ಬರುತ್ತಿದ್ದಂತೆ ಅವಳು ಮಗುವನ್ನು ಎತ್ತಿಕೊಂಡಾಗಲೆಲ್ಲ ಒಂದು ಸಲ ಮೇಲೆ ಕೆಳಗೆ ಆಡಿಸಿ ನೋಡತೊಡಗಿದಳು. ತಾಯಿಯ ಕೈ ಒಳ್ಳೆಯ ತಕ್ಕಡಿ. ಅದು ಹೇಳಿದ್ದು ಅವಳಿಗೆ ಇಷ್ಟವಾಗಲಿಲ್ಲ.

ಈ ನಡುವೆ ಮುರಿಗೆಪ್ಪನವರು ಡಾಕ್ಟರ ಮಾತಿನಂತೆ ದಿನಾ ಸಂಜೆ ನಡೆಯಲು ಹೋಗುತ್ತಿದ್ದರು. ಮೊದಲು ಪಾರ್ಕಿನವರೆಗೆ ನಡೆದರು. ಆಮೇಲೆ ವೃತ್ತದವರೆಗೆ ನಡೆದರು. ವೃತ್ತದಲ್ಲಿ ಮಂಡಕ್ಕಿ ಮೆಣಸಿನಕಾಯಿ ಗಾಡಿ ಇದೆ. ಬಾಣಲೆಯ ಎಣ್ಣೆ ಡಾಂಬರಿನ ಬಣ್ಣದ್ದು. ಅದು ಯಾವ ಹಬ್ಬಕ್ಕೆ ಸುರಿದದ್ದೆಂದು ಗಾಡಿಯವನಿಗೂ ನೆನಪಿಲ್ಲ. ಮುರಿಗೆಪ್ಪನವರು ಅಲ್ಲಿ ಸುಮ್ಮನೆ ನಿಂತರು. ನಿಂತವರಿಗೆ ಒಂದು ವಿಚಾರ ಹೊಳೆಯಿತು. ಮೆಣಸಿನಕಾಯಿ ಎನ್ನುವುದು ತರಕಾರಿ. ಕಡಲೆಹಿಟ್ಟು ಎನ್ನುವುದು ಬೇಳೆ. ಇದರಲ್ಲಿ ಆಕ್ಷೇಪಿಸುವಂಥದ್ದು ಏನಿದೆ?

ಎರಡನೆಯದನ್ನು ಕಚ್ಚುವಾಗ ಗಾಡಿಯ ಆ ಬದಿಯಿಂದ ಪರಿಚಯದ ಕೆಮ್ಮು ಕೇಳಿಸಿತು. ನೋಡಿದರೆ ಶಿವಯೋಗಿ, ಕೈಯಲ್ಲಿ ಪೇಪರಿನ ಪೊಟ್ಟಣ.

ಇಬ್ಬರೂ ಸ್ವಲ್ಪ ಹೊತ್ತು ಟ್ರಾಫಿಕ್ ನೋಡಿದರು.

"ಅಪ್ಪಾಜಿ, ನೀವು ಇಲ್ಲಿ?"

"ವಾಕಿಂಗ್. ನೀನು?"

"ನಾನೂ ವಾಕಿಂಗ್."

"ಕಂಬ ಹತ್ತಿ ಹತ್ತಿ ಸುಸ್ತಾಗಿರ್ತೀಯ. ಜಾಸ್ತಿ ನಡೀಬ್ಯಾಡ."

"ನೀವೂ ಅಷ್ಟೇ ಅಪ್ಪಾಜಿ. ಒಂದು ಪ್ಲೇಟಿನಷ್ಟು ನಡೆದ್ರೆ ಸಾಕು."

ಅಂದಿನಿಂದ ತಂದೆ ಮಗ ಜೊತೆಯಲ್ಲೇ ವಾಕಿಂಗ್ ಹೋಗತೊಡಗಿದರು. ಅಪ್ಪ ಮಗನ ಈ ಹೊಸ ಪ್ರೀತಿಯನ್ನು ಕಂಡು ಓಣಿಯವರು ಸಂತೋಷಪಟ್ಟರು. ಸರ್ವಮಂಗಳಮ್ಮ ಇಬ್ಬರ ಅಂಗಿಗಳನ್ನೂ ಒಗೆಯಲು ಹಾಕುವ ಮುಂಚೆ ಮೂಸಿ ನೋಡತೊಡಗಿದರು.

ಓಣಿಯವರ ಸಂತೋಷ ಬಹಳ ದಿನ ಉಳಿಯಲಿಲ್ಲ. ಅವರಿಗೆ ಬೇರೊಂದು ಸಂಶಯ ಹತ್ತಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಸಾವಾದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಬೇಯಿಸಿದ್ದನ್ನು ಹಾಗೇ ಉಣ್ಣುತ್ತಾರೆ, ಇಲ್ಲವೇ ಅಕ್ಕಪಕ್ಕದವರು ಅಡುಗೆ ಮಾಡಿ ತಂದುಕೊಡುತ್ತಾರೆ. ಗೋಡೆಗೆ ಗೋಡೆ ಅಂಟಿದ ಓಣಿಯಲ್ಲಿ ಒಂದು ಮನೆಯ ಸಾಸಿವೆ ಸಿಡಿಯುವ ಸದ್ದು ಮೂರು ಮನೆಗೆ ಕೇಳಿಸುತ್ತದೆ. ಮುರಿಗೆಪ್ಪನವರ ಮನೆಯಿಂದ ಆ ಸದ್ದು ಬಂದು ಎರಡು ವಾರವಾಗಿತ್ತು.

ಪಕ್ಕದ ಮನೆಯ ಕೊಟ್ರಮ್ಮ ಮೊದಲು ಕಿವಿಯನ್ನು ಅನುಮಾನಿಸಿದರು. ಕಿವಿ ಸರಿಯಿತ್ತು. ಆಮೇಲೆ ಯಾರೋ ದೂರದ ಸಂಬಂಧಿ ಇರಬೇಕು ಅಂದುಕೊಂಡರು. ದೂರದ ಸಂಬಂಧಿಗೆ ಯಾರೂ ಎರಡು ವಾರ ಒಗ್ಗರಣೆ ಬಿಡುವುದಿಲ್ಲ. ಹಾಗಾದರೆ ಹತ್ತಿರದವರೇ. ಅಕ್ಕಪಕ್ಕದವರಿಗೂ ಹೇಳದೆ ದುಃಖ ನುಂಗಿಕೊಂಡಿದ್ದಾರೆ, ಪಾಪ. ಕೊಟ್ರಮ್ಮ ತಡೆಯಲಾರದೆ ಕ್ಯಾರಿಯರ್ ತುಂಬ ಚಿತ್ರಾನ್ನ, ಎಣ್ಣೆಗಾಯಿ ಪಲ್ಯ ಮಾಡಿಕೊಂಡು, ಓಣಿಯ ಇಬ್ಬರು ಹೆಂಗಸರನ್ನು ಜೊತೆಗೆ ಕರೆದುಕೊಂಡು, ಸೆರಗು ಹೊದ್ದು ಮಧ್ಯಾಹ್ನ ಬಂದರು.

ಆ ಹೊತ್ತಿನಲ್ಲಿ ಮುರಿಗೆಪ್ಪನವರು ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ನೊಣ ಕೂರದಿರಲೆಂದು ಮುಖದ ಮೇಲೆ ದಿನಪತ್ರಿಕೆ ಹೊದ್ದಿದ್ದರು. ಕೊಟ್ರಮ್ಮ ಬಾಗಿಲಲ್ಲಿ ನಿಂತು ಒಂದು ಸಲ ನೋಡಿದರು. ಕ್ಯಾರಿಯರ್ ಕೆಳಗಿಟ್ಟರು.

"ಅಯ್ಯೋ ಮುರಿಗೆಪ್ಪಣ್ಣಾ! ತಕ್ಕಡಿಯಂಥ ಮನುಷ್ಯ ಇದ್ದೆಯಲ್ಲೋ!"

ಪತ್ರಿಕೆ ಅಲ್ಲಾಡಿತು. ಅದರ ಕೆಳಗಿನಿಂದ ಮುರಿಗೆಪ್ಪನವರು ಎದ್ದು ಕೂತರು.

"ಇನ್ನೂ ಇದ್ದೀನಿ ಕೊಟ್ರಮ್ಮ."

ಹಿಂದಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರು ಅಂಗಳಕ್ಕೆ ಓಡಿದರು. ಇನ್ನೊಬ್ಬರು ಶಿವ ಶಿವಾ ಅಂದರು. ಕೊಟ್ರಮ್ಮ ಮಾತ್ರ ನಿಂತಲ್ಲೇ ನಿಂತು, ಅತ್ತ ಕಣ್ಣನ್ನು ಒರೆಸಿಕೊಂಡು, ಸಿಟ್ಟಿಗೆದ್ದರು.

"ಇದ್ದರೆ ಮತ್ತೆ ಒಗ್ಗರಣೆ ಯಾಕೆ ಹಾಕಲ್ಲ ನಿಮ್ಮ ಮನ್ಯಾಗೆ? ಇದ್ದೋರು ಮಾಡೋ ಕೆಲಸವೇನು ಇದು? ಎರಡು ವಾರದಿಂದ ಹೊಟ್ಟೆಗೆ ಕಿಚ್ಚಿಟ್ಟ ಹಾಗೆ ಆಗೈತಿ ನನಗೆ!"

ಅಡುಗೆಮನೆಯಿಂದ ಬಂದ ಸರ್ವಮಂಗಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ದೂರದಿಂದ ನೋಡಿದವರಿಗೆ ಅಳುತ್ತಿದ್ದಾರೆ ಅನಿಸಬೇಕು. ಭುಜ ಕುಲುಕುತ್ತಿದ್ದುದು ಬೇರೆ ಕಾರಣಕ್ಕೆ.

ವಿಷಯ ತಿಳಿದ ಮೇಲೆ ಕೊಟ್ರಮ್ಮ ಕ್ಯಾರಿಯರನ್ನು ವಾಪಸ್ಸು ಒಯ್ಯಲು ಎತ್ತಿದರು. ತಡವಾಗಿತ್ತು. ವನಜಾಕ್ಷಿ ತಟ್ಟೆ ಹಾಕಿಯಾಗಿತ್ತು, ಇಂಚರ ತನ್ನ ಬಟ್ಟಲಿನ ಮುಂದೆ ಕೂತಾಗಿತ್ತು. ಅವಳು ಎಣ್ಣೆಗಾಯಿಯ ಮೆತ್ತನೆಯ ಬದನೆಕಾಯಿಯನ್ನು, ಖಾರದ ಮಸಾಲೆ ಒರೆಸಿ ಅಮ್ಮ ಅನ್ನದಲ್ಲಿ ಕಲಸಿಕೊಟ್ಟಿದ್ದನ್ನು, ಕಣ್ಣುಮುಚ್ಚಿ ತಿಂದಳು. ತಿಂದು, ಬಟ್ಟಲನ್ನು ತಲೆಗೆ ಹಾಕಿಕೊಂಡಳು. ಎರಡು ವಾರದಲ್ಲಿ ಅದೇ ಮೊದಲು. ಮುರಿಗೆಪ್ಪನವರು ಅದನ್ನು ನೋಡಿದರು. ನೋಡಿಯೂ ನೋಡದವರಂತೆ, ಅತಿಥಿಗಳಿಗೆ ಬೇಸರವಾಗಬಾರದೆಂಬ ಒಂದೇ ಕಾರಣಕ್ಕೆ, ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡರು.

ಆದರೆ ಬೀರು ತೆರೆಯಲಿಲ್ಲ. ತಮ್ಮ ಸಾವಿನ ಸುದ್ದಿಗೆ ಹೆದರಿ ತಕ್ಕಡಿ ಬದಲಿಸುವವರಲ್ಲ ಅವರು.

ತೂಕದ ದಿನ ಬಂತು. ವನಜಾಕ್ಷಿಗೆ ಅಂದು ನೆಗಡಿ. ಮುರಿಗೆಪ್ಪನವರೇ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗನವಾಡಿಗೆ ಹೊರಟರು. ತೂಗುವ ಜಾಗಕ್ಕೆ ಹೋಗುವುದೆಂದರೆ ಅವರಿಗೆ ಈಗಲೂ ಹುರುಪು.

ಅಂಗನವಾಡಿಯ ತೊಲೆಗೆ ಒಂದು ಸ್ಪ್ರಿಂಗ್ ತಕ್ಕಡಿ ನೇತಾಡುತ್ತಿತ್ತು. ಅದರ ಕೊಕ್ಕೆಗೆ ಕಾಲು ತೂರಿಸುವ ಚಡ್ಡಿಯಂಥ ಬಟ್ಟೆಚೀಲ. ಟೀಚರ್ ನಾಗವೇಣಿ ಇಂಚರಳನ್ನು ಅದರಲ್ಲಿ ಕೂರಿಸಿದರು. ಇಂಚರ ಕಾಲು ಆಡಿಸಿ ಜೋಕಾಲಿ ಎಂದುಕೊಂಡು ಕಿಲಕಿಲ ನಕ್ಕಳು. ಮುಳ್ಳು ಅಲ್ಲಾಡಿ ಅಲ್ಲಾಡಿ ನಿಂತಿತು.

ಟೀಚರ್ ಒಮ್ಮೆ ಮುಳ್ಳು ನೋಡಿದರು, ಒಮ್ಮೆ ಮಗುವನ್ನು ನೋಡಿದರು.

"ಹೋದ ತಿಂಗಳಿಗಿಂತ ಇನ್ನೂರು ಗ್ರಾಂ ಕಡಿಮೆ ಐತಲ್ರೀ ಅಜ್ಜಾರೆ. ಜ್ವರ ಗಿರ ಬಂದಿತ್ತೇನು?"

"ಇಲ್ಲ."

"ಭೇದಿ?"

"ಏನೂ ಇಲ್ಲ. ನಿಮ್ಮ ತಕ್ಕಡಿ ಸರಿ ಇಲ್ಲ."

"ಬೇರೆ ಮಕ್ಕಳೆಲ್ಲ ಹೆಚ್ಚಾಗ್ಯಾರಲ್ರೀ ಇದರಾಗೇ."

"ಸ್ಪ್ರಿಂಗು ಅಂದ್ರೇನೇ ಸುಳ್ಳು. ಯಾರ್ಡಿನ್ಯಾಗೆ ಇಂಥವನ್ನ ನಾನು ಒಳಗೇ ಬಿಡ್ತಿರಲಿಲ್ಲ. ತಡೀರಿ, ಈಗ ಬಂದೆ."

ಅವರು ಮನೆಗೆ ಹೋಗಿ ಗೂಡಿನಿಂದ ಎರಡು ಕಿಲೋ ಕಲ್ಲು, ಐದು ಕಿಲೋ ಕಲ್ಲು ಎರಡನ್ನೂ ಹೊತ್ತು ತಂದರು. ಮಕ್ಕಳು ಸುತ್ತ ನೆರೆದರು. ಮುರಿಗೆಪ್ಪನವರು ಹೆಗಲ ಮೇಲಿನ ಟವೆಲಿನಿಂದ ಕಲ್ಲುಗಳನ್ನು ಒರೆಸಿ, ಎರಡು ಕಿಲೋದ್ದನ್ನು ಚೀಲದಲ್ಲಿ ಕೂರಿಸಿದರು. ಮುಳ್ಳು ಎರಡರ ಮೇಲೆ ನಿಂತಿತು. ಐದು ಕಿಲೋದ್ದನ್ನು ಕೂರಿಸಿದರು. ಮುಳ್ಳು ಐದರ ಮೇಲೆ ನಿಂತಿತು. ಎರಡನ್ನೂ ಒಟ್ಟಿಗೆ ಕೂರಿಸಿದರು. ಏಳು. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.

ಮತ್ತೆ ಇಂಚರಳನ್ನು ಕೂರಿಸಿದರು. ಅವಳು ಮತ್ತೆ ನಕ್ಕಳು. ಮುಳ್ಳು ಮತ್ತೆ ಮೊದಲಿನ ಜಾಗದಲ್ಲೇ ನಿಂತಿತು.

ಮುರಿಗೆಪ್ಪನವರು ಡಾಕ್ಟರ ಮಾತನ್ನು ತಿದ್ದಬಲ್ಲರು. ಹೆಂಡತಿಯ ಮಾತನ್ನು ಕೇಳಿಸಿಕೊಳ್ಳದೆ ಇರಬಲ್ಲರು. ಸತ್ತಿದ್ದೀಯ ಎಂದವರಿಗೆ ಇಲ್ಲ ಎನ್ನಬಲ್ಲರು. ತಕ್ಕಡಿಗೆ ಎದುರುತ್ತರ ಕೊಡುವುದು ಅವರಿಗೆ ಬರುತ್ತಿರಲಿಲ್ಲ. ಅವರು ಮೊಮ್ಮಗಳ ಕಾಲನ್ನು ಚೀಲದಿಂದ ಬಿಡಿಸಿಕೊಂಡರು. ಕಾಲು ಸಣ್ಣದಾಗಿತ್ತು. ದಿನಾ ಹೆಗಲ ಮೇಲೆ ಹೊತ್ತವರಿಗೆ ಅದು ಈಗ ಕಂಡಿತು. ಇಂಚರ ಅವರ ಕಿವಿ ಹಿಡಿದು, ಗುಟ್ಟು ಹೇಳುವವಳಂತೆ, "ಪುಪ್ಪ" ಎಂದಳು.

ಮನೆಗೆ ಬಂದು ಅವರು ಕಲ್ಲುಗಳನ್ನು ಗೂಡಿನಲ್ಲಿಡದೆ ನಡುಮನೆಯಲ್ಲೇ ಇಟ್ಟು ಕೂತರು. ಸರ್ವಮಂಗಳಮ್ಮ ಮುಖ ನೋಡಿಯೇ ತಿಳಿದುಕೊಂಡರು. ವಾದಿಸಲಿಲ್ಲ. ಗಂಡನ ಪಕ್ಕ ಕೂತು ಕೇಳಿದರು:

"ಯಾರ್ಡಿನ್ಯಾಗೆ ಮೆಕ್ಕೆಜೋಳದ ಚೀಲ ತೂಗ್ತಿದ್ರಲ್ಲ, ಅದೇ ತಕ್ಕಡ್ಯಾಗೆ ನನ್ನ ಮೂಗುಬಟ್ಟು ತೂಗ್ತಿದ್ರೇನು?"

"ಅದೆಂಗೆ ಆಗುತ್ತೆ? ಚೀಲದ ತಕ್ಕಡಿ ಚೀಲಕ್ಕೆ. ಬಂಗಾರಕ್ಕೆ ಬಂಗಾರದ್ದೇ ತಕ್ಕಡಿ."

"ಯಾಕೆ, ಎಲ್ಲದಕ್ಕೂ ಒಂದೇ ಇಟ್ರೆ ನ್ಯಾಯ ಅಲ್ಲೇನು?"

ಮುರಿಗೆಪ್ಪನವರು ಕೈಯನ್ನು ಉಡಿದಾರದ ಕೀಲಿಕೈ ಮೇಲಿಟ್ಟರು. ಅವರ ಜೀವಮಾನದಲ್ಲಿ ಮುಳ್ಳು ಅಷ್ಟು ಸ್ಪಷ್ಟವಾಗಿ ಒಂದು ಕಡೆ ವಾಲಿದ್ದನ್ನು ಅವರು ನೋಡಿರಲಿಲ್ಲ.

ಅಂದೇ ಸಂಜೆ ಮನೆಯವರೆಲ್ಲ ಡಾಕ್ಟರ್ ಹೇಮಲತಾ ಅವರ ಮುಂದೆ ಕೂತಿದ್ದರು. ಡಾಕ್ಟರು ಮಗುವನ್ನು ನೋಡಿ, ಕಾಯಿಲೆಯೇನೂ ಇಲ್ಲ ಎಂದರು. ಏನು ಉಣ್ಣಿಸುತ್ತಿದ್ದೀರಿ ಎಂದು ಕೇಳಿದರು. ವನಜಾಕ್ಷಿ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಜಮಾನ್ರೇ, ನಾನು ಕಡಿಮೆ ಮಾಡಿ ಅಂದೆನೋ, ಬೀರುವಿನಲ್ಲಿಡಿ ಅಂದೆನೋ?"

"ಕಡಿಮೆ ಅಂದ್ರಿ."

"ಯಾರಿಗೆ ಅಂದೆ?"

"ನನಗೆ."

"ಈ ಮಗುವಿನ ಹೊಟ್ಟೆ ಇಷ್ಟೇ ಇರೋದು." ಡಾಕ್ಟರು ಮುಷ್ಟಿ ತೋರಿಸಿದರು. "ಅಷ್ಟರಲ್ಲಿ ಅದು ದಿನವೆಲ್ಲ ಓಡಬೇಕು, ಬೆಳೀಬೇಕು, ಅದರ ಮೆದುಳು ಬೆಳೀಬೇಕು. ಸ್ವಲ್ಪ ಜಾಗದಲ್ಲಿ ಜಾಸ್ತಿ ಶಕ್ತಿ ಹಿಡಿಸೋದು ಜಿಡ್ಡಿಗೆ ಮಾತ್ರ ಗೊತ್ತು. ಕ್ಯಾರೆಟ್ಟು, ಸೊಪ್ಪು ತಿನ್ನಿಸ್ತೀರಲ್ಲ? ಅದರಲ್ಲಿ ಕಣ್ಣಿಗೆ ಬೇಕಾದ ಸತ್ವ ಮೈಗೆ ಸರಿಯಾಗಿ ಹತ್ತಬೇಕಾದ್ರೂ ಜೊತೆಗೆ ಒಂದು ಚೂರು ಎಣ್ಣೆನೋ ತುಪ್ಪನೋ ಬೇಕು. ಇಲ್ಲದಿದ್ರೆ ಅದು ಬಂದ ದಾರೀಲೇ ಹೋಗುತ್ತೆ. ವನಜಾಕ್ಷಿ ಇನ್ನೂ ಹಾಲು ಕುಡಿಸ್ತಿದ್ದಾರೆ, ಅವರಿಗೂ ಬೇಕು. ಶಿವಯೋಗಿ ಕಂಬ ಹತ್ತೋರು, ಅವರಿಗೂ ಹದವಾಗಿ ಬೇಕು."

"ನನಗೆ?" ಮುರಿಗೆಪ್ಪನವರು ಸಣ್ಣ ದನಿಯಲ್ಲಿ ಕೇಳಿದರು.

"ನಿಮಗೂ ಬೇಕು. ಸೊನ್ನೆ ಯಾರಿಗೂ ಬೇಡ. ಒಗ್ಗರಣೆಗೆ ಅಳತೆಯಲ್ಲಿ ಶೇಂಗಾ ಎಣ್ಣೆ. ಹುರಿದ ಶೇಂಗಾ ಒಂದು ಸಣ್ಣ ಹಿಡಿ, ಬೊಗಸೆ ತುಂಬ ಅಲ್ಲ. ತುಪ್ಪ ಹಬ್ಬಕ್ಕೆ ನಾಲ್ಕು ಹನಿ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದದ್ದು ಮಾತ್ರ ಮುಟ್ಟಬೇಡಿ, ನಿಮಗೆ ಅದೇ ನಿಜವಾದ ಕಂಟಕ. ಹೊರಗೆ ಏನೂ ತಿನ್ನಲ್ಲ ತಾನೇ?"

"ಛೆ ಛೆ," ಎಂದರು ಮುರಿಗೆಪ್ಪನವರು.

"ಇಲ್ಲಪ್ಪ," ಎಂದ ಶಿವಯೋಗಿ.

"ದಿನಾ ಸಂಜೆ ಇಬ್ಬರೂ ವಾಕಿಂಗ್ ಹೋಗ್ತಾರೆ ಡಾಕ್ಟ್ರೇ," ಎಂದರು ಸರ್ವಮಂಗಳಮ್ಮ. "ಅಂಗಿ ತುಂಬ ಕಡಲೆಹಿಟ್ಟಿನ ವಾಸನೆ ತಗೊಂಡು ಬರ್ತಾರೆ. ಬಹಳ ದೂರ ನಡೀತಾರೆ ಅಂತ ಕಾಣುತ್ತೆ."

ಡಾಕ್ಟರು ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಅವರ ಭುಜವೂ ಕುಲುಕುತ್ತಿತ್ತು.

ಮನೆಗೆ ಬಂದ ಮೇಲೆ ಬಿಡುಗಡೆಯ ಕಾರ್ಯಕ್ರಮ ನಡೆಯಿತು. ಉಡಿದಾರದ ಗಂಟು ಬಿಚ್ಚಲಿಲ್ಲ. ಮುರಿಗೆಪ್ಪನವರು ಹೊಟ್ಟೆಯನ್ನು ಬೀರುವಿಗೆ ಒತ್ತಿ, ಉಸಿರು ಬಿಗಿಹಿಡಿದು, ಕಾಲ ಬೆರಳುಗಳ ಮೇಲೆ ನಿಂತು ಕೀಲಿ ತಿರುಗಿಸಿದರು. ಬಾಗಿಲು ತೆರೆಯಿತು, ಉಡಿದಾರದ ಸಮೇತ ಅವರೂ ಬಾಗಿಲ ಜೊತೆ ಅರ್ಧ ಸುತ್ತು ಹೋದರು. ಒಳಗಿನಿಂದ ಬಂದ ವಾಸನೆಗೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಬೆಣ್ಣೆ ಬಟ್ಟಲಿನಲ್ಲಿ ಹುಳಿತು, ಬಟ್ಟಲು ಮೀರಿ, ಅದೇ ಅರೆಯಲ್ಲಿದ್ದ ಸರ್ವಮಂಗಳಮ್ಮನ ಧಾರೆ ಸೀರೆಯ ಅಂಚಿನವರೆಗೆ ಹೋಗಿತ್ತು.

"ಪರವಾಗಿಲ್ಲ," ಎಂದರು ಸರ್ವಮಂಗಳಮ್ಮ ಸೀರೆಯನ್ನು ಎರಡು ಬೆರಳಲ್ಲಿ ಹಿಡಿದು. "ಈ ಮನ್ಯಾಗೆ ಹೊಟ್ಟೆ ತುಂಬ ಬೆಣ್ಣೆ ತಿಂದಿದ್ದು ಇದೊಂದೇ."

ಇಂಚರ ಎರಡೂ ಕೈ ಮೇಲೆತ್ತಿ, "ಪುಪ್ಪ! ಪುಪ್ಪ!" ಎಂದು ನಡುಮನೆಯಲ್ಲಿ ಸುತ್ತಿದಳು. ಡಬ್ಬಿಯಲ್ಲಿ ಭದ್ರವಾಗಿದ್ದ ತುಪ್ಪಕ್ಕೆ ಏನೂ ಆಗಿರಲಿಲ್ಲ. ವನಜಾಕ್ಷಿ ನೆಗಡಿಯ ಮೂಗಿನಲ್ಲೇ ಒಲೆಯ ಮೇಲೆ ಬಾಣಲೆಯಿಟ್ಟು, ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿ, ಸಾಸಿವೆ ಬಿಟ್ಟಳು. ಸಾಸಿವೆ ಸಿಡಿಯಿತು. ಗೋಡೆಯಾಚೆಯಿಂದ ಕೊಟ್ರಮ್ಮನ ದನಿ ಬಂತು.

"ಅಂತೂ ಬದುಕಿದೆಯಲ್ಲೋ ಮುರಿಗೆಪ್ಪಣ್ಣಾ!"

ಅಂದು ರಾತ್ರಿ ಊಟಕ್ಕೆ ತುಪ್ಪ ಬಡಿಸುವ ಕೆಲಸವನ್ನು ಸರ್ವಮಂಗಳಮ್ಮ ಗಂಡನಿಗೇ ಒಪ್ಪಿಸಿದರು. ಆ ಮನೆಯಲ್ಲಿ ಅದು ಸಣ್ಣ ಮಾತಲ್ಲ. ತಾಯಿಯ ಮಿಳ್ಳೆ ಬಡಿಸಲೆಂದು ಗಂಡಸರ ಕೈಗೆ ಬಂದದ್ದು ಅದೇ ಮೊದಲು. ಮುರಿಗೆಪ್ಪನವರು ಯಾರ್ಡಿನಲ್ಲಿ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತು ಬಡಿಸಿದರು. ಇಂಚರಳ ಬಟ್ಟಲಿಗೆ ತುಂಬಿದ ಮಿಳ್ಳೆ. ಹಾಲೂಡಿಸುವ ವನಜಾಕ್ಷಿಗೆ ಒಂದು. ಕಂಬ ಹತ್ತುವ ಶಿವಯೋಗಿಗೆ ಮುಕ್ಕಾಲು. ಸರ್ವಮಂಗಳಮ್ಮನಿಗೆ ಅರ್ಧ. ತಮ್ಮ ತಟ್ಟೆಯ ಹತ್ತಿರ ಬಂದಾಗ ಅವರು ಖಾಲಿ ಮಿಳ್ಳೆಯನ್ನು ಬಿಸಿ ಅನ್ನದ ಮೇಲೆ ಒಮ್ಮೆ ಅಡ್ಡ ಹಿಡಿದು, ಅಂಟಿಕೊಂಡಿದ್ದ ಒಂದು ಹನಿ ಬೀಳುವವರೆಗೆ ಕಾದರು. ಬಿತ್ತು. ಉಳಿದವರ ತಟ್ಟೆಯ ಕಡೆ ಅವರು ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೋಡಿದರು. ಮೊದಲು ತಮ್ಮದಕ್ಕಿಂತ ಜಾಸ್ತಿ ಇದೆ ಎಂದು ನೋಡಿದರು. ಆಮೇಲೆ ಬಟ್ಟಲನ್ನು ಟೋಪಿಯಂತೆ ಹಾಕಿಕೊಂಡ ಮೊಮ್ಮಗಳನ್ನು ನೋಡಿದರು. ಮುಳ್ಳು ನಡುವೆ ನಿಂತಿತು.

ನೀತಿ: ಮನೆಯವರೆಲ್ಲರ ತಟ್ಟೆಗೆ ಒಂದೇ ಅಳತೆ ಹಾಕುವುದು ಸಮಾನತೆಯಲ್ಲ, ಯಾರಿಗೆ ಎಷ್ಟು ಬೇಕೋ ಅಷ್ಟು ಹಾಕುವುದೇ ಸಮಾನತೆ. ಎಣ್ಣೆ ತುಪ್ಪ ವಿಷವೂ ಅಲ್ಲ, ಅಮೃತವೂ ಅಲ್ಲ. ಬೆಳೆಯುವ ಮಗುವಿಗೆ ಅದು ಧಾರಾಳವಾಗಿ ಬೇಕು, ದುಡಿಯುವವರಿಗೆ ಹದವಾಗಿ ಬೇಕು, ವಯಸ್ಸಾದವರಿಗೆ ಅಳೆದು ಬೇಕು. ಒಬ್ಬರ ಕಾಯಿಲೆಯ ಪಥ್ಯವನ್ನು ಮನೆಮಂದಿಗೆಲ್ಲ ಹಂಚಬಾರದು, ಮನೆಯಲ್ಲಿ ಬಿಟ್ಟದ್ದನ್ನು ಬೀದಿಯ ಬಾಣಲೆಯಲ್ಲಿ ಹುಡುಕಬಾರದು.

ಮುಂದಿನ ತಿಂಗಳು ಇಂಚರಳ ತೂಕ ನಾನೂರು ಗ್ರಾಂ ಹೆಚ್ಚಾಯಿತು. ಮಿಳ್ಳೆ ಈಗ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಕೊಟ್ರಮ್ಮನ ಕ್ಯಾರಿಯರ್ ಇನ್ನೂ ವಾಪಸ್ಸು ಹೋಗಿಲ್ಲ.